ಬೆಳೆ ತಪ್ಪಿಸಿ ಹಾರಿದ ವಿಮಾನ

ಕೆಂಪವ್ವನಿಗೆ ಅಳು ಬರುವುದು ನಿಂತು ಐದು ತಿಂಗಳಾಗಿತ್ತು. ಗಂಡ ಕರೆಪ್ಪನಿಗೆ ಲಕ್ವಾ ಹೊಡೆದ ದಿನ ಒಮ್ಮೆ ಅತ್ತಿದ್ದಳು, ಅಷ್ಟೇ. ಆಮೇಲೆ ಗೋಕಾಕದ ಆಸ್ಪತ್ರೆಯ ಹೊರಗೆ ಇಪ್ಪತ್ತು ದಿನ ಕೂತಾಗ ಬರಲಿಲ್ಲ, ಕುರಿಹಿಂಡು ಮಾರಿದ ದಿನವೂ ಬರಲಿಲ್ಲ. ನೋಡಲು ಬಂದ ಬೀಗರು “ಗಟ್ಟಿ ಹೆಣ್ಮಗಳು” ಎಂದು ಹೊಗಳಿ, ಚಹಾ ಕುಡಿದು ಹೋದರು. ಅದು ಗಟ್ಟಿತನವೋ ಮತ್ತೊಂದೋ ಅವಳಿಗೇ ತಿಳಿಯದು. ಕರೆಪ್ಪನ ಬಲಗೈಗೆ ಜೋಮು ಹಿಡಿದದ್ದನ್ನು ಡಾಕ್ಟರು ಸೂಜಿ ಚುಚ್ಚಿ ಕಂಡುಕೊಂಡರು. ಅವಳಿಗೆ ಯಾರೂ ಎಲ್ಲೂ ಚುಚ್ಚಿ ನೋಡಲಿಲ್ಲ.

ಅವಳು ಹುಟ್ಟಿದ್ದು ಕೊಣ್ಣೂರ ಕಡೆಯ ಒಬ್ಬ ರೈತನ ಶೇಂಗಾದ ಹೊಲದಲ್ಲಿ, ರಾತ್ರಿಗೆ ಕುರಿಗಳನ್ನು ಕೂಡಿ ತರುಬಿದ ಬಲೆಯ ಮಗ್ಗುಲಿಗೆ. ಹೊತ್ತು ಹುಟ್ಟುವ ಮುಂಚೆ ಹಡೆದ ಅವ್ವ ಹೊತ್ತು ಏರುವಷ್ಟರಲ್ಲಿ ಕೂಸನ್ನು ಕಂಬಳಿಯಲ್ಲಿ ಸುತ್ತಿ ಮುಂದಿನ ಊರಿಗೆ ನಡೆದಿದ್ದಳಂತೆ. ಕುರಿ ಕಾಯುವವರ ಮನೆಯೆಂದರೆ ಹಾಗೆಯೇ; ಊರಿನಲ್ಲಿ ಒಂದು ಗುಡಿಸಲು ಹೆಸರಿಗೆ, ಸಂಸಾರವೆಲ್ಲ ಕುದುರೆಯ ಬೆನ್ನ ಮೇಲೆ. ಹದಿನಾರಕ್ಕೆ ಮೂಡಲಗಿಯ ಕರೆಪ್ಪನಿಗೆ ಕೊಟ್ಟರು. ಅಲ್ಲಿಯೂ ಅದೇ ಕುದುರೆ, ಅದೇ ಮೂರು ಕಲ್ಲಿನ ಒಲೆ. ದೀಪಾವಳಿ ಮುಗಿಸಿ ಮೂಡಲಗಿ ಬಿಡುವುದು, ಕೊಣ್ಣೂರ ಹಾಯುವುದು, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹುಕ್ಕೇರಿ ಹೊರಗಿನ ಶಿದ್ಲಿಂಗಪ್ಪನ ಕೆಂಪು ಮಣ್ಣಿನ ಮಸಾರಿ ಹೊಲ ಮುಟ್ಟುವುದು, ಅಲ್ಲಿ ಕೆಲವು ರಾತ್ರಿ ಇದ್ದು ಸಂಕೇಶ್ವರದ ಕಡೆ ಏರುವುದು. ಹಿಂಡು ರಾತ್ರಿಯೆಲ್ಲ ಮಲಗಿ ಎದ್ದ ಹೊಲಕ್ಕೆ ಹಿಕ್ಕೆಯ ಗೊಬ್ಬರ, ಹೊಲದವನಿಂದ ಇವರಿಗೆ ಜೋಳ. ಯಾವ ಹಾದಿ, ಯಾರ ಹೊಲ, ಎಷ್ಟು ರಾತ್ರಿ, ಎಲ್ಲ ಕರೆಪ್ಪನ ಮಾತು. ಕೆಂಪವ್ವ ಕುದುರೆಯ ಹಿಂದೆ ನಡೆಯುವಳು. ನಲವತ್ತು ವರ್ಷ ನಡೆದಳು. ಒಬ್ಬಳೇ ಮಗಳು ಅರ್ಚನಾಳನ್ನು ಮಾತ್ರ ಹಟ ಹಿಡಿದು ತಮ್ಮನ ಮನೆಯಲ್ಲಿ ಬಿಟ್ಟು ಸಾಲಿ ಕಲಿಸಿದಳು. ಅವಳೀಗ ಗೋಕಾಕದಲ್ಲಿ ಒಂದು ಖಾಸಗಿ ಆಸ್ಪತ್ರೆಯ ನರ್ಸು.

ಶ್ರಾವಣದಲ್ಲಿ ಕರೆಪ್ಪ ಹಿಂಡಿನ ನಡುವೆಯೇ ಬಿದ್ದ. ಅವನನ್ನು ಗೋಕಾಕಕ್ಕೆ ಸಾಗಿಸಿದ್ದಾಯಿತು, ಹಿಂಡನ್ನು ಯಾರು ನೋಡಬೇಕು? ಕೆಂಪವ್ವನ ತಮ್ಮ ಮಾಲಿಂಗಪ್ಪ ಹದಿನೈದು ದಿನ ನೋಡಿದ. ಆಮೇಲೆ ಬಂದು, “ಅಕ್ಕಾ, ನಂದ ಒಂದ ಹಿಂಡ ಐತಿ, ನಿಮ್ಮದ ಒಂದು. ಎರಡೂ ನನ್ನ ಕೈಲೆ ಆಗೂದಿಲ್ಲ. ಮಳಿಗೆ ಕಾಲು ಕೊಳ್ಯಾಕತ್ತಾವ. ಏನ್ ಮಾಡ್ಲಿ ಹೇಳು” ಎಂದ. ಕರೆಪ್ಪನಿಗೆ ಆಗ ಮಾತಿರಲಿಲ್ಲ. ಕೆಂಪವ್ವ ಹೇಳಿದಳು: “ಕೊಟ್ಟಬಿಡು.” ನಲವತ್ತು ವರ್ಷದಲ್ಲಿ ಹಿಂಡಿನ ವಿಷಯಕ್ಕೆ ಅವಳು ಆಡಿದ ಮೊದಲ ಮಾತು ಅದು. ವ್ಯಾಪಾರಿ ಲಾರಿ ತಂದಾಗ ಅವಳೂ ಹೋಗಿ ನಿಂತಿದ್ದಳು. ಸಂಜೆಯೊಳಗೆ ಬಲೆ, ಗೂಟ, ಎರಡು ಕಂಬಳಿ ಅಷ್ಟೇ ಉಳಿದವು. ಆ ರಾತ್ರಿ ಮಗಳ ಮನೆಯಲ್ಲಿ ಮಲಗಿದವಳು ಬೆಳಗಿನ ಬಿಸಿಲು ಮುಖಕ್ಕೆ ಬೀಳುವವರೆಗೆ ಏಳಲಿಲ್ಲ. ಅಷ್ಟು ಗಾಢ ನಿದ್ದೆ ಬಂದದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಕರೆಪ್ಪನಿಗೆ ತುಸು ಮಾತು ಬಂದ ಮೇಲೆ ಮೊದಲು ಕೇಳಿದ್ದು, “ಹಿಂಡು?”

“ಮಾಲಿಂಗ ನೋಡಾಕತ್ತಾನ್ರಿ,” ಎಂದಳು ಕೆಂಪವ್ವ. ಈಗಲೇ ಅವನ ಮನಸ್ಸಿಗೆ ಪೆಟ್ಟಾಗುವಂಥದ್ದು ಏನೂ ಹೇಳಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗೆ ಒಂದು ಸುಳ್ಳು ಆಯಿತು. ದೀಪಾವಳಿ ಬಂದಾಗ “ಮಾಲಿಂಗ ಹಿಂಡ ಹೊಡಕೊಂಡ ಹೊಂಟಾನ್ರಿ” ಎಂದಳು. ಎರಡಾಯಿತು. ಕರೆಪ್ಪ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ. ಎಲ್ಲಿಗೆ ಮುಟ್ಟಿರಬೇಕು ಎಂದು ಅವನು ಒಳಗೇ ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಒಂದು ದಿನ ಹೇಳಲೇಬೇಕು. ತಾನೇ ಹೇಳಬೇಕು, ಬೇರೆಯವರ ಬಾಯಿಂದ ಬೀಳಬಾರದು. ಅಷ್ಟು ಗೊತ್ತಿತ್ತು. ಬಾಯಿ ಏಳುತ್ತಿರಲಿಲ್ಲ.

ಆಸ್ಪತ್ರೆ ಬಿಟ್ಟ ಮೇಲೆ ಗಂಡ ಹೆಂಡತಿ ಗೋಕಾಕದ ಮಗಳ ಮನೆಯಲ್ಲೇ ಉಳಿದರು. ಕೈಗೆ ಕಸರತ್ತಾಗಲಿ ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟಿದ್ದರು. ದಿನಕ್ಕೆ ನೂರು ಸಲ ಹಿಸುಕಬೇಕು. ಕರೆಪ್ಪ ಅದನ್ನು ಎಡಗೈಯಿಂದ ಎತ್ತಿ ಮೂಲೆಗೆ ಒಗೆದ.

“ನಾ... ಕೂಸೇನು?”

“ಅಪ್ಪಾ, ಹಿಂಗ ಮಾಡಿದ್ರ ಕೈ ಬರೂದಿಲ್ಲ ನೋಡ,” ಎಂದು ಅರ್ಚನಾ ಗದರಿಸಿದಳು.

“ಬರ್ದಿದ್ರ... ಬಿಡು.”

ಅಳಿಯ ದುಂಡೇಶ ಇದನ್ನೆಲ್ಲ ನೋಡುತ್ತಿದ್ದ. ಅಂಗಡಿಗಳಿಗೆ ಸಿಸಿ ಕ್ಯಾಮೆರಾ ಕೂಡಿಸುವುದು, ಕಂಪ್ಯೂಟರ್ ರಿಪೇರಿ ಮಾಡುವುದು ಅವನ ಉದ್ಯೋಗ. ಮನೆಯಲ್ಲಿ ಅವನಿಗೊಂದು ಹುಚ್ಚಿತ್ತು, ಕಂಪ್ಯೂಟರಿನಲ್ಲಿ ವಿಮಾನ ನಡೆಸುವುದು. ಕೊಲ್ಲಾಪುರದಿಂದ ಹಳೆಯದೊಂದು ಹಿಡಿಕೆ ತಂದಿದ್ದ. ಅದನ್ನು ಹಿಂದಕ್ಕೆ ಎಳೆದರೆ ಪರದೆಯ ಮೇಲಿನ ವಿಮಾನ ಏರುತ್ತಿತ್ತು, ಮುಂದಕ್ಕೆ ದೂಡಿದರೆ ಇಳಿಯುತ್ತಿತ್ತು. ಒಂದು ರವಿವಾರ ಅವನು ಮಾವನ ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ತಂದು, ಆ ಹಿಡಿಕೆಯ ಮೇಲೆ ಅವನ ಬಲಗೈ ಇಟ್ಟ.

“ಮಾವಾರ, ಇದನ್ನರ ಹಿಡೀರಿ. ಇದು ಕೂಸಿನ ಆಟಲ್ಲ.”

“ಕೂಸಿನ ಆಟಲ್ಲಂತ,” ಅರ್ಚನಾ ಒಳಗಿನಿಂದಲೇ ಅಂದಳು. “ಮೂವತ್ತೈದು ವರ್ಷದ ಕೂಸಿಂದು!”

ಕರೆಪ್ಪನ ಬೆರಳುಗಳು ಹಿಡಿಕೆಯ ಸುತ್ತ ತಾವಾಗಿಯೇ ಮಡಚಿಕೊಂಡವು. ಕುರಿಗೋಲು ಹಿಡಿದ ಹಾಗಿತ್ತು. ಕೆಂಪವ್ವ ಅದನ್ನು ನೋಡಿದಳು.

ಪರದೆಯ ಮೇಲೆ ಮೊದಲು ಬಂದದ್ದು ಯಾವುದೋ ಪರದೇಶದ ಸಮುದ್ರದ ದಂಡೆ, ಮುಗಿಲು ಮುಟ್ಟುವ ಕಟ್ಟಡ. ಕರೆಪ್ಪ ಎರಡು ನಿಮಿಷ ನೋಡಿ ಕಣ್ಣು ಮುಚ್ಚಿದ.

“ಅಳಿಯಾರ, ನಮ್ಮ ಕಡೆದು ಇಲ್ಲೇನ್ರಿ ಇದರಾಗ?” ಕೆಂಪವ್ವ ಕೇಳಿದಳು.

“ಐತಲ್ರಿ ಅತ್ತಿ. ಎಲ್ಲಾ ಊರೂ ಅದಾವ. ತಡೀರಿ, ಮೂಡಲಗಿ ಮ್ಯಾಲ ಬಿಡ್ತೇನಿ.”

ಮೂಡಲಗಿ ಬಂತು. ಆದರೆ ಅದೆಂಥ ಮೂಡಲಗಿ! ಎಲ್ಲೆಡೆ ಗಿಡವೋ ಗಿಡ, ಅಡವಿಯ ಹಾಗೆ. ಒಂದೇ ಅಚ್ಚಿನಲ್ಲಿ ತೆಗೆದಂಥ ಕೆಂಪು ಮಾಡಿನ ಮನೆಗಳು. ಕರೆಪ್ಪ ಕಣ್ಣು ತೆರೆದು ನೋಡಿದ.

“ಸುಳ್ಳು,” ಎಂದ.

“ಏನ್ ಸುಳ್ಳರಿ ಮಾವಾರ?”

“ಅಲ್ಲಿ... ಗಿಡ ಇಲ್ಲ.”

ದುಂಡೇಶ ತಲೆ ಕೆರೆದುಕೊಂಡ. ನೆಲದ ಚಿತ್ರ ಖರೇದು, ಮೇಲಿನಿಂದ ತೆಗೆದ ಫೋಟೋ, ಆದರೆ ಎಂದೋ ತೆಗೆದದ್ದು ಎಂದು ತಿಳಿಸಿ ಹೇಳಿದ. ಗಿಡ ಮನೆಗಳನ್ನು ಮಾತ್ರ ಮಷಿನ್ನು ತನ್ನ ಅಂದಾಜಿನ ಮೇಲೆ ನೆಟ್ಟು ಕಟ್ಟಿ ನಿಲ್ಲಿಸುತ್ತದೆ. ಬೇಕಾದರೆ ಹೆಚ್ಚು ಮಾಡಬಹುದು, ಬೇಡಾದರೆ ತೆಗೆಯಬಹುದು. ಮೋಡ, ಮಂಜು, ನೆರಳು, ಎಷ್ಟು ದೂರದವರೆಗೆ ಕಾಣಬೇಕು, ಎಲ್ಲದಕ್ಕೂ ಒಂದೊಂದು ಪಟ್ಟಿ. ಪಟ್ಟಿಯ ಮೇಲಿನ ಗುಂಡಿಯನ್ನು ಬಲಕ್ಕೆ ಸರಿಸಿದರೆ ಹೆಚ್ಚು, ಎಡಕ್ಕೆ ಸರಿಸಿದರೆ ಕಡಿಮೆ.

“ಎಲ್ಲಾನೂ ಹೆಚ್ಚ ಮಾಡಾಕ ಬರೂದಿಲ್ರಿ ಮತ್ತ. ಕಂಪ್ಯೂಟರ್ ಹಳೇದು. ಗಿಡಾ ಪೂರ್ತಿ ಹಚ್ಚಿದ್ರ ಮನಿ ಕಡಿಮಿ ಮಾಡ್ಬೇಕು. ಎರಡೂ ಹಚ್ಚಿದ್ರ ತಟಕ್ ತಟಕ್ ಅಂತ ನಿಂತ ನಿಂತ ಹೊಕ್ಕೈತಿ.”

“ಕುದರಿ ಇದ್ದಂಗ,” ಎಂದಳು ಕೆಂಪವ್ವ. “ಹಂಡೆ ಹೇರಿದ್ರ ಹಿಟ್ಟಿನ ಚೀಲಾ ಇಳಸ್ಬೇಕು.”

“ಹ್ಞಾಂ! ನಾ ಎರಡ ವರ್ಷ ತಲಿ ಕೆಡಿಸಿಕೊಂಡ ಕಲತದ್ದನ್ನ ಅತ್ತಿ ಒಂದ ಮಾತಿನಾಗ ಅಂದ್ರ ನೋಡ್ರಿ.”

“ಅದಕ್ಕ ನೀವು ಕುದರಿ ಹಿಂದ ನಡೀಬೇಕಿತ್ತು,” ಎಂದಳು ಅರ್ಚನಾ.

ಕರೆಪ್ಪ ಎಡಗೈ ಎತ್ತಿದ. “ಗಿಡಾ ತಗಿ. ಮನಿ ತಗಿ. ಮೋಡಾನೂ.”

“ಎಲ್ಲಾ ತಗದ್ರ ಏನ್ ಉಳೀತೈತ್ರಿ ಮಾವಾರ?”

“ನೆಲ.”

ಎಲ್ಲ ತೆಗೆದ ಮೇಲೆ ನೆಲ ಉಳಿಯಿತು. ಹಾಸಿದ ಕೌದಿಯ ಹಾಗೆ ತುಂಡು ತುಂಡು ಹೊಲ, ಕೆಂಪು ಗುಡ್ಡದ ಓರೆ, ಹಳ್ಳದ ಬಿಳಿ ಗೆರೆ. ಗಿಡ ಮನೆಗಳ ಹೊರೆ ಇಳಿದದ್ದಕ್ಕೆ ಚಿತ್ರ ನೀರಿನಂತೆ ಸರಿಯಿತು. ಕರೆಪ್ಪ ಹಿಡಿಕೆಯನ್ನು ಹಿಡಿದು ಕೂತ. ಅರ್ಧ ತಾಸಾಯಿತು, ಬಿಡಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಹಗಲು ಮಗಳು ಅಳಿಯ ಕೆಲಸಕ್ಕೆ ಹೋಗುವವರು, ಆದ್ದರಿಂದ ದುಂಡೇಶ ಅತ್ತೆಗೆ ಕಲಿಸಿಕೊಟ್ಟ. ಅಕ್ಷರ ಇಂಗ್ಲಿಷಿನವು, ಅವಳಿಗೆ ಕನ್ನಡದವೇ ಕಷ್ಟ. ಸಾಲು ನೆನಪಿಟ್ಟುಕೊಂಡಳು: ಮೊದಲನೆಯದು ಗಿಡ, ಎರಡನೆಯದು ಮನೆ, ಮೂರನೆಯದು ಮೋಡ, ನಾಲ್ಕನೆಯದು ಮಂಜು, ಐದನೆಯದು ದೂರ. ಮಧ್ಯಾಹ್ನ ಊಟವಾದ ಮೇಲೆ ಅವಳು ಮೊದಲಿನ ನಾಲ್ಕನ್ನೂ ಎಡಕ್ಕೆ ಸರಿಸಿ, ಐದನೆಯದನ್ನು ಬಲಕ್ಕೆ ತಳ್ಳಿ ಕೊಡುವಳು. ಕರೆಪ್ಪ ಹಾರಿಸುವನು. ಎಲ್ಲಿ ನಿಲ್ಲಿಸುತ್ತಾನೋ ಮರುದಿನ ಅಲ್ಲಿಂದಲೇ ಶುರು.

ಅವನು ನಿಲ್ಲಿಸುತ್ತಿದ್ದ ಜಾಗಗಳನ್ನು ಅವಳು ಎರಡನೇ ದಿನಕ್ಕೇ ಗುರುತು ಹಿಡಿದಳು. ಅವು ಹಿಂಡಿನ ವಸತಿಗಳು. ಒಂದು ದಿನದ ನಡಿಗೆ ಅಲ್ಲಿ ಎರಡು ರೊಟ್ಟಿ ಬೇಯುವಷ್ಟರಲ್ಲಿ ಮುಗಿಯುತ್ತಿತ್ತು. ಅವನಿಗೆ ಅವಸರವಿರಲಿಲ್ಲ. ವಸತಿ ಬಂದ ಕೂಡಲೇ ನಿಲ್ಲಿಸಿ, “ಇವತ್ತಿಂದು ಆತು” ಎನ್ನುವನು. ಉಳಿದ ಹೊತ್ತು ಸುಮ್ಮನೆ ನಿಂತ ಚಿತ್ರವನ್ನೇ ನೋಡುತ್ತ ಕೂರುವನು.

ಅರ್ಚನಾಳಿಗೆ ಬೇರೊಂದು ಚಿಂತೆ ಹತ್ತಿತು. ರಜೆಯ ದಿನ ಅಪ್ಪನ ಬೆನ್ನಿಗೆ ನಿಂತು ನೋಡಿದರೆ, ವಿಮಾನ ನೆಟ್ಟಗೆ ಹೋಗುತ್ತಲೇ ಇರಲಿಲ್ಲ. ಒಮ್ಮೆ ಎಡಕ್ಕೆ ವಾಲಿ ದೊಡ್ಡದೊಂದು ಸುತ್ತು ಹಾಕುವುದು, ಮತ್ತೆ ಬಲಕ್ಕೆ ಬರುವುದು, ಮತ್ತೆ ಎಡಕ್ಕೆ. ಅಡುಗೆ ಮನೆಗೆ ಬಂದು ಅವ್ವನ ಕಿವಿಯಲ್ಲಿ ಅಂದಳು:

“ಯವ್ವಾ, ಅಪ್ಪನ ಕೈ ಮತ್ತ ವಾಲಾಕತ್ತೇತಿ. ನೆಟ್ಟಗ ಹಿಡ್ಯಾಕ ಬರವಲ್ದು. ಇನ್ನೊಂದ ಸಲ ಸ್ಕ್ಯಾನ್ ಮಾಡಸೂನೇನ?”

ಕೆಂಪವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಪರದೆಯಲ್ಲಿ ಹಸಿರು ತುಂಡೊಂದು ಮುಂದೆ ಬಂತು. ವಿಮಾನ ಅದರ ಅಂಚು ಮುಟ್ಟುವ ಮೊದಲೇ ತಿರುಗಿ, ಬದುವಿನ ಗುಂಟ ಹೋಗಿ, ಬೀಳುಬಿದ್ದ ನೆಲದ ಮೇಲೆ ಹಾಯ್ದು ಮತ್ತೆ ತನ್ನ ದಾರಿಗೆ ಬಂತು. ಮುಂದೆ ಕಬ್ಬಿನ ಹಸಿರು. ಅದಕ್ಕೂ ಸುತ್ತು.

“ಕೈ ಚಲೋ ಐತಿ,” ಎಂದಳು ಕೆಂಪವ್ವ. “ಬೆಳಿ ತಪ್ಪಸಾಕತ್ತಾನ ನಿಮ್ಮಪ್ಪ.”

“ಏನು?”

“ನಿಂತ ಬೆಳಿ. ಹಿಂಡು ಬೆಳ್ಯಾಗ ಹೋಗಬಾರ್ದಲ್ಲ.”

ಅರ್ಚನಾ ಅಪ್ಪನ ಬೆನ್ನು ನೋಡಿದಳು, ಪರದೆ ನೋಡಿದಳು. “ಯವ್ವಾ, ಅದು ವಿಮಾನ. ಸಾವಿರ ಫೂಟ್ ಮ್ಯಾಲ ಐತಿ.”

“ಅದು ನನಗೂ ಗೊತ್ತೈತಿ. ಅವಗೂ ಗೊತ್ತೈತಿ.”

ಕುರಿ ಪರರ ಬೆಳೆಗೆ ಬಾಯಿ ಹಾಕಿದರೆ ಹೊಲದವರು ಕೋಲು ಹಿಡಿದು ಬರುತ್ತಾರೆ, ಮರುವರ್ಷ ಆ ಹಾದಿಯೇ ಮುಚ್ಚುತ್ತದೆ. ಕರೆಪ್ಪನ ಹಿಂಡಿನ ಮೇಲೆ ಒಮ್ಮೆಯೂ ಅಂಥ ದೂರು ಬಂದಿರಲಿಲ್ಲ. ಕೆಂಪವ್ವನಿಗೆ ಈಗ ತಿಳಿಯಿತು: ಅವನು ವಿಮಾನ ನಡೆಸುತ್ತಿಲ್ಲ, ಹಿಂಡು ಹೊಡೆದುಕೊಂಡು ಹೊರಟಿದ್ದಾನೆ. ದಿನಕ್ಕೊಂದು ವಸತಿ. ಎಳ್ಳ ಅಮಾವಾಸ್ಯೆಗೆ ಶಿದ್ಲಿಂಗಪ್ಪನ ಹೊಲ. ಅಲ್ಲಿ ಮಾಲಿಂಗಪ್ಪ ತನ್ನ ಹಿಂಡಿನ ಜೊತೆ ಇವನದನ್ನೂ ತರುಬಿರಬೇಕು ಎಂದು ನಂಬಿದ್ದಾನೆ. ಅಲ್ಲಿಗೆ ಮುಟ್ಟಿದ ದಿನ ಕೇಳುತ್ತಾನೆ.

“ಹೇಳಿಬಿಡೂನ ಯವ್ವಾ,” ಅರ್ಚನಾ ಅಂದಳು. “ಈಗ ಡಾಕ್ಟರೂ ಬ್ಯಾಡ ಅನ್ನೂದಿಲ್ಲ.”

“ನೀ ಹೇಳ್ತಿ?”

“ನಾ ಯಾಕ? ಮಾರಿದಾಕಿ ನೀನ.”

ಹಾಗೆಂದ ಮೇಲೆ ಮಗಳು ನಾಲಗೆ ಕಚ್ಚಿಕೊಂಡಳು. ಕೆಂಪವ್ವ ಮತ್ತೆ ರೊಟ್ಟಿ ಬಡಿಯಲು ಹೋದಳು. ಆ ಮಾತು ಚುಚ್ಚಬೇಕಿತ್ತು. ಎಲ್ಲಿ ಚುಚ್ಚಿತು ಎಂದು ಹುಡುಕಿದಳು, ಸಿಗಲಿಲ್ಲ. ರೊಟ್ಟಿ ದುಂಡಗೇ ಬಂತು.

ದಿನ ಹೋದ ಹಾಗೆ ವಿಮಾನ ಕೊಣ್ಣೂರ ಹಾಯಿತು. ಹೊಳೆಯ ದಂಡೆಯ ವಸತಿಯಾಯಿತು. ಹಿಡಕಲ್ ಡ್ಯಾಮಿನ ನೀರು ಎಡಕ್ಕೆ ದೂರದಲ್ಲಿ ತಟ್ಟೆಯ ಹಾಗೆ ಹೊಳೆಯಿತು. ಕರೆಪ್ಪನ ಕೈಗೆ ಖರೆಯಾಗಿಯೂ ಬಲ ಬರುತ್ತಿತ್ತು. ಚಹಾದ ಕಪ್ಪನ್ನು ಬಲಗೈಯಲ್ಲೇ ಹಿಡಿದು ಅರ್ಧ ಚೆಲ್ಲಿ ಅರ್ಧ ಕುಡಿದ. ಡಾಕ್ಟರು ಬೆನ್ನು ತಟ್ಟಿದರು. ಮನೆಯಲ್ಲಿ ಎಲ್ಲರೂ ಖುಷಿಪಟ್ಟರು. ಕೆಂಪವ್ವ ಮಾತ್ರ ಬೆರಳು ಮಡಚುತ್ತಿದ್ದಳು. ಇನ್ನು ಮೂರು ವಸತಿ. ಇನ್ನು ಎರಡು.

ಕೊನೆಯ ವಸತಿ ಉಳಿದ ದಿನ ಬೆಳಿಗ್ಗೆ, ಕೆಲಸಕ್ಕೆ ಹೊರಟ ಅಳಿಯನನ್ನು ಬಾಗಿಲಲ್ಲಿ ತಡೆದಳು.

“ಅಳಿಯಾರ, ಆ ನಾಕನೇದು, ಮಂಜಿಂದು, ಪೂರ್ತಿ ಸರಸಿದ್ರ ಏನಾಕ್ಕೈತ್ರಿ?”

“ಏನೂ ಕಾಣೂದಿಲ್ರಿ ಅತ್ತಿ. ಹಾಲಿನಾಗ ಬಿದ್ದಂಗ. ಯಾಕ್ರಿ?”

“ಸುಮ್ನ ಕೇಳಿದ್ನಿ.”

ದುಂಡೇಶ ಅವಳ ಮುಖ ನೋಡಿದ. ಅವನು ದಡ್ಡನಲ್ಲ. “ಅತ್ತಿ, ಅವರ ಯಾವಾಗರ ಕೇಳೇ ಕೇಳ್ತಾರ. ಆಗ ಫೋಟೋ ಹಳೇದು, ಇದರಾಗ ಕುರಿ ಕಾಣೂದಿಲ್ಲ ಅಂತ ಹೇಳ್ರಿ. ಅದೇನ್ ಸುಳ್ಳಲ್ಲಲ್ಲ,” ಎಂದ. ಗಾಡಿ ಚಾಲೂ ಮಾಡಿ ಹೋದ.

ತಪ್ಪಿಸಿಕೊಳ್ಳಲು ಕೆಂಪವ್ವನ ಹತ್ತಿರ ಈಗ ಎರಡು ದಾರಿ ಇದ್ದವು, ಮಂಜು ಮತ್ತು ಆ ಮಾತು.

ಅಂದು ಎಳ್ಳ ಅಮಾವಾಸ್ಯೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಮಾಡಿದ್ದಳು. ಕರೆಪ್ಪ ಊಟ ಮಾಡಿ, ಕೋಲೂರಿ, ತಾನೇ ನಡೆದು ಹೋಗಿ ಕುರ್ಚಿಯಲ್ಲಿ ಕೂತ. ಅಂಗಿ ಬದಲಿಸಿದ್ದ. ಅವಳು ಮೂರು ಪಟ್ಟಿ ಎಡಕ್ಕೆ ಸರಿಸಿದಳು. ನಾಲ್ಕನೆಯದನ್ನು ಬಲಕ್ಕೆ, ತುದಿಯವರೆಗೆ.

ಪರದೆ ಬೆಳ್ಳಗಾಯಿತು. ಕರೆಪ್ಪ ಹಿಡಿಕೆ ಹಿಡಿದು ತುಸು ದೂರ ಹೋದ. ಬೆಳಕು ಇತ್ತು, ನೆಲವಿರಲಿಲ್ಲ.

“ಇದೇನು?”

“ಮಂಜು ಬಿದ್ದೈತ್ರಿ.”

“ಹೊತ್ತು ನೆತ್ತಿ ಮ್ಯಾಲ ಐತಿ.” ಅವನು ನಿಧಾನಕ್ಕೆ ಒಂದೊಂದೇ ಮಾತು ಜೋಡಿಸಿದ. “ಇಷ್ಟೊತ್ತಿಗೆ... ಎಲ್ಲೀ ಮಂಜು, ಕೆಂಪಿ?”

ಅವನು ಹಿಡಿಕೆ ಬಿಟ್ಟು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ. ಕಾಣದಿದ್ದಾಗ ಹಿಂಡು ನಿಲ್ಲಿಸುವುದು ಅವನ ಕ್ರಮ. ಮಂಜು ಏಳುವವರೆಗೆ ಅವನು ಕಾಯುತ್ತಾನೆ; ಸಂಜೆಯಾಗಲಿ, ನಾಳೆಯಾಗಲಿ. ಕಾಯುವುದು ಅವನಿಗೆ ಕಷ್ಟವಲ್ಲ. ಯಾರೂ ನಡೆಸದ ವಿಮಾನ ಬಿಳಿಯೊಳಗೆ ಗುಂಯ್ಯೆನ್ನುತ್ತಿತ್ತು. ಕೆಂಪವ್ವ ಅದನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನಾಲ್ಕನೆಯದನ್ನು ಎಡಕ್ಕೆ ಸರಿಸಿದಳು.

ನೆಲ ಬಂತು. ಹುಕ್ಕೇರಿಯ ರಸ್ತೆ, ಆಚೆಗೆ ಗುಡ್ಡ, ಈಚೆಗೆ ಬಾವಿಯ ಕಪ್ಪು ಚುಕ್ಕೆ. ಕರೆಪ್ಪ ಜೋಳದ ಹೊಲವೊಂದನ್ನು ಬಳಸಿ ಹೋದ, ಕಬ್ಬಿನ ತೋಟವೊಂದನ್ನು ಬಳಸಿದ. ಮಸಾರಿ ಹೊಲ ಬಂತು. ನಿಲ್ಲಿಸುವ ಗುಂಡಿ ಒತ್ತಿದ.

ಕೆಂಪು ಮಣ್ಣಿನ ಮೇಲೆ ಕಪ್ಪು ಚೌಕಗಳಿದ್ದವು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ. ರಾತ್ರಿಗೊಂದು ಜಾಗದಲ್ಲಿ ಬಲೆ ಹಾಕಿ ಕುರಿ ತರುಬಿದರೆ ಹಿಕ್ಕೆ ಬಿದ್ದು ನೆಲ ಹಾಗೆ ಕಪ್ಪಾಗುತ್ತದೆ. ಕರೆಪ್ಪ ಮುಂದೆ ಬಾಗಿ ಬೆರಳಿಟ್ಟು ಎಣಿಸಿದ.

“ಏಳು. ಏಳು ರಾತ್ರಿ ಇದ್ದದ್ದು ಒಂದ ವರ್ಷ. ಕುದರಿ ಸತ್ತ ವರ್ಷ.” ಅವನ ಬೆರಳು ಗಾಜಿನ ಮೇಲೆ ನಿಂತಿತು. “ಇದು ನಮ್ಮ ಹಿಂಡ. ಹಳೇದು.”

“ಹೌದ್ರಿ.”

“ಈ ವರ್ಷದ್ದು?”

ಫೋಟೋ ಹಳೇದ್ರಿ, ಇದರಾಗ ಹೆಂಗ ಕಾಣ್ತೈತಿ? ಆ ಮಾತು ಅವಳ ಬಾಯಲ್ಲೇ ಇತ್ತು, ತಟ್ಟೆಯಲ್ಲಿ ಹಾಕಿ ಇಟ್ಟ ಹಾಗೆ. ಸುಳ್ಳೂ ಅಲ್ಲ. ಅವನು ನಂಬುತ್ತಿದ್ದ. ನಾಳೆ ಸಂಕೇಶ್ವರದ ಕಡೆ ಏರುತ್ತಿದ್ದ, ನಾಡಿದ್ದು ಅದರಾಚೆ.

“ಇಲ್ರಿ,” ಎಂದಳು. “ಮಾರಿದ್ನಿ.”

ಕರೆಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ. “ಯಾವಾಗ?”

“ಶ್ರಾವಣ ಮುಗಿಯೂದರಾಗ. ನೀವು ದವಾಖಾನ್ಯಾಗ ಇದ್ರಿ.”

“ಮಾಲಿಂಗ?”

“ಅವನ ಕೈಲೆ ಆಗ್ಲಿಲ್ಲ. ಕೊಡು ಅಂದಾಕಿ ನಾನ.”

“ಎಲ್ಲಾ?”

“ಎಲ್ಲಾ.”

“ಕಿವಿಮುರುಕಿನೂ?” ಅದು ಹಿಂಡಿನ ಮುಂದೆ ನಡೆಯುವ ಹಳೆಯ ಕುರಿ, ಅವನ ದನಿ ಒಂದಕ್ಕೇ ತಿರುಗುತ್ತಿತ್ತು.

“ಅದೂ ಹೋತ್ರಿ.”

ಅವನು ಗಾಜಿನ ಮೇಲಿನ ಬೆರಳು ತೆಗೆದ. “ಭಂಡಾರ ಹಚ್ಚಿದ್ಯಾ?”

ಹಿಂಡಿನಿಂದ ಒಂದು ಕುರಿ ಕೊಟ್ಟರೂ ದೇವರ ಹೆಸರು ಹೇಳಿ ಅದರ ಹಣೆಗೆ ಅರಿಶಿನದ ಭಂಡಾರ ಹಚ್ಚಿ ಕಳಿಸುವುದು ಅವರ ಮನೆತನದ ಪದ್ಧತಿ.

“ಇಲ್ರಿ. ಲಾರಿಯವಗ ಅವಸರ ಇತ್ತು. ಮಳಿ ಹತ್ತಿತ್ತು.” ಇಷ್ಟು ಹೇಳಿ ಅವಳು ಮತ್ತೆ ಬಾಯಿ ತೆರೆದಳು. “ಡಬ್ಬಿ ನನ್ನ ನಡುವಿನಾಗ ಇತ್ತು. ನಾ ತಗೀಲಿಲ್ಲ.”

ಬೈಗುಳಕ್ಕೆ ಕಾದು ನಿಂತಳು. ಅತ್ತರೂ ಅತ್ತಾನು ಎಂದು ಸೆರಗು ಕೈಯಲ್ಲಿ ಹಿಡಿದಿದ್ದಳು. ಕರೆಪ್ಪ ಎರಡೂ ಮಾಡಲಿಲ್ಲ. ಬಲಗೈ ಎತ್ತಿ ಹಿಡಿಕೆಯ ಮೇಲಿಟ್ಟ, ಗುಂಡಿ ಒತ್ತಿದ. ವಿಮಾನ ಹೊರಟಿತು. ಹಿಂದಕ್ಕೆ, ಗೋಕಾಕದ ಕಡೆಗೆ ತಿರುಗಿಸಿದ. ಜೋಳದ ಹೊಲ ಎದುರಾಯಿತು.

“ಇನ್ನ ಸುತ್ತೂದ್ ಬ್ಯಾಡಲ್ಲ,” ಎಂದ.

ಹಿಡಿಕೆ ವಾಲಲಿಲ್ಲ. ಜೋಳ ಅಡಿಯಲ್ಲಿ ಸರಿದು ಹೋಯಿತು, ಕಬ್ಬು ಸರಿಯಿತು, ಯಾರ ಯಾರದೋ ಹಸಿರು ತುಂಡುಗಳು ಸರಿದವು. ಕೆಂಪವ್ವ ಬಾಗಿಲ ಚೌಕಟ್ಟು ಹಿಡಿದು ನೋಡಿದಳು. ಎರಡು ತಿಂಗಳಲ್ಲಿ ಬಂದ ಹಾದಿಯನ್ನು ಅವನು ಚಹಾ ಕುದಿಯುವಷ್ಟರಲ್ಲಿ ದಾಟಿಬಿಟ್ಟ.

ಸಂಜೆ ಬಂದ ಅರ್ಚನಾ ಇಬ್ಬರ ಮುಖ ನೋಡಿ ಕೇಳಿದಳು, “ಏನಾತು ಯವ್ವಾ?”

“ಹೇಳಿದ್ನಿ.”

“ಏನಂದ?”

“ಏನೂ ಅನ್ನಲಿಲ್ಲ. ಹೊತ್ತು ಮುಳಗಾಕ ರೊಟ್ಟಿ ಬೇಡಿದ. ಎರಡ ಉಂಡ.”

ಅರ್ಚನಾ ಅಳತೊಡಗಿದಳು. ಕೆಂಪವ್ವ ಮಗಳ ತಲೆಯ ಮೇಲೆ ಕೈಯಾಡಿಸುತ್ತ ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಂಡಳು.

ಮರುದಿನ ಕರೆಪ್ಪ ಕುರ್ಚಿಗೆ ಬರುವುದಿಲ್ಲ ಎಂದುಕೊಂಡಿದ್ದಳು, ಬಂದ. ಡಾಕ್ಟರು ಹೇಳಿದ್ದಾರಲ್ಲ, ಕೈಗೆ ಕಸರತ್ತು. ಅಲ್ಲಿಂದ ಮುಂದೆ ಎಂಟು ದಿನ ಅವನು ಎತ್ತ ಬೇಕಾದರೂ ಹಾರಿಸಿದ. ವಸತಿ ಇಲ್ಲ, ಹಾದಿ ಇಲ್ಲ. ದುಂಡೇಶ ಮಳೆ ಹಾಕಿ ತೋರಿಸಿದ, ಹಿಮ ಹಾಕಿ ತೋರಿಸಿದ. ಮೂಡಲಗಿಯ ಮೇಲೆ ಹಿಮ ಬಿದ್ದರೂ ಮಾವ ಸುಳ್ಳು ಎನ್ನಲಿಲ್ಲ. “ಚಲೋ ಐತಿ” ಎಂದ. ಅದನ್ನು ಕೇಳಿ ದುಂಡೇಶನಿಗೇ ಸಂಕಟವಾಗಿ ಹಿಮ ತೆಗೆದ.

ಒಂಬತ್ತನೇ ದಿನ ಮಧ್ಯಾಹ್ನ ಕೆಂಪವ್ವ ಎಂದಿನಂತೆ ಪಟ್ಟಿಗಳ ಮುಂದೆ ಕೂತು ಕೇಳಿದಳು, “ಏನ್ ಹಚ್ಚಲ್ರಿ?”

“ನಿನಗ ಏನ್ ಬೇಕೋ ಹಚ್ಚು.”

ಸಿಟ್ಟಿನಿಂದ ಅಂದನೋ ಎಂದು ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ಅವನು ಕಾಯುತ್ತಿದ್ದ.

ಬೆರಳು ಮೌಸಿನ ಮೇಲೆ ಇಟ್ಟುಕೊಂಡು ಅವಳು ಬಹಳ ಹೊತ್ತು ಕೂತಳು. ಗಿಡ, ಮನೆ, ಮೋಡ, ಮಂಜು, ದೂರ. ಇಂಥದ್ದು ಬೇಕು ಎನ್ನುವುದು ಒಂದು ಕೆಲಸವೆಂದೂ ಅದನ್ನು ತಾನು ಮಾಡಿ ಗೊತ್ತಿಲ್ಲವೆಂದೂ ಅವಳಿಗೆ ಅನ್ನಿಸಿತು. ಕೊನೆಗೆ ಎರಡನೆಯದನ್ನು ಬಲಕ್ಕೆ ಸರಿಸಿದಳು. ಇನ್ನೂ ಸರಿಸಿದಳು. ತುದಿಗೆ ಮುಟ್ಟಿಸಿದಳು.

ಮನೆಗಳು ಎದ್ದವು. ಬಯಲಿನಲ್ಲಿ, ಗುಡ್ಡದ ಓರೆಯಲ್ಲಿ, ಹಳ್ಳದ ದಂಡೆಗೆ, ಮನೆಗಳೇ ಮನೆಗಳು. ಎಲ್ಲಕ್ಕೂ ಕೆಂಪು ಮಾಡು, ಎಲ್ಲಕ್ಕೂ ಒಂದೊಂದು ಬಾಗಿಲು. ಹೊರೆ ಹೆಚ್ಚಾಗಿ ಕಂಪ್ಯೂಟರು ಏದುಸಿರು ಬಿಟ್ಟಿತು. ವಿಮಾನ ತಟಕ್ ತಟಕ್ ಎಂದು ನಿಂತು ನಿಂತು ಹೋಯಿತು.

ಕರೆಪ್ಪ ಕೆಳಗೆ ನೋಡುತ್ತ ನಡೆಸಿದ.

“ಇಷ್ಟ ಮನಿ ಬೇಕಾಗಿದ್ವೇನ ನಿನಗ?”

“ಒಂದ ಸಾಕಿತ್ರಿ,” ಎಂದಳು ಕೆಂಪವ್ವ.

ಅವನು ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ, ಮಾಡುಗಳು ಚೆನ್ನಾಗಿ ಕಾಣುವಷ್ಟು ಕೆಳಗಿಳಿಸಿದ. ಅವಳು ತನ್ನ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.